ದಿನದ ಮಾತ್ರೆ ನಿಲ್ಲಿಸಬೇಡಿ, ನೋವಿಗೆ ಬೇರೆ ಔಷಧ ಕೇಳಿ

ಪ್ರಶ್ನೆ:

ಡಾಕ್ಟ್ರೇ, ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ. ಟಪೆಂಟಡಾಲ್ ಅನ್ನುವ ನೋವಿನ ಮಾತ್ರೆಯ ಚಟಕ್ಕೆ ಬಿದ್ದಿದ್ದ. 20 ತಿಂಗಳಿಂದ ವ್ಯಸನಮುಕ್ತಿ ಕೇಂದ್ರದಲ್ಲಿ ಚಿಕಿತ್ಸೆ ನಡೆಯುತ್ತಿದೆ. ದಿನಾ ಬೆಳಿಗ್ಗೆ ಬ್ಯೂಪ್ರೆನಾರ್ಫಿನ್-ನಲಾಕ್ಸೋನ್ ಮಾತ್ರೆ, 2 ಮಿಲಿಗ್ರಾಂನವು ನಾಲ್ಕು, ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಾನೆ. ಚೆನ್ನಾಗಿದ್ದ, ಕೆಲಸಕ್ಕೂ ಹೋಗುತ್ತಿದ್ದ. ಒಂಬತ್ತು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಸ್ಪತ್ರೆಯಲ್ಲಿ ಆ ಮಾತ್ರೆ ನಿಲ್ಲಿಸಿಬಿಟ್ಟರು. ನೋವು ಅಂತ ರಾತ್ರಿಯಿಡೀ ಕೂಗುತ್ತಿದ್ದ. 'ಇವನಿಗೆ ನಶೆ ಬೇಕು, ನಾಟಕ ಮಾಡ್ತಿದ್ದಾನೆ' ಅಂದರು. ನಾಲ್ಕನೇ ದಿನ ಜಗಳ ಮಾಡಿಕೊಂಡು ಮನೆಗೆ ಬಂದ. ಎರಡು ದಿನ ಹಳೇ ಮಾತ್ರೆ ತಂದು ತೆಗೆದುಕೊಂಡ. ಆಮೇಲೆ ತಾನೇ ಕೇಂದ್ರಕ್ಕೆ ಹೋಗಿ ಹೇಳಿಕೊಂಡ. ಈಗ ಮೂಳೆ ಕೂಡಿಲ್ಲ, ಸೊಂಟದಿಂದ ಮೂಳೆ ತೆಗೆದು ಹಾಕಬೇಕು ಅಂದಿದ್ದಾರೆ. ಮುಂದಿನ ತಿಂಗಳು ಆಪರೇಷನ್. ಮಾತ್ರೆ ಮೊದಲೇ ನಿಲ್ಲಿಸಬೇಕಾ? ನೋವಿನ ಇಂಜೆಕ್ಷನ್ ಕೊಟ್ಟರೆ ಮತ್ತೆ ಚಟ ಹತ್ತುತ್ತಾ? ಈ ವಿಷಯ ಆಸ್ಪತ್ರೆಯಲ್ಲಿ ಹೇಳದೇ ಇದ್ದರೆ ಆಗುತ್ತಾ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಆಪರೇಷನ್ ದಿನ ಬೆಳಿಗ್ಗೆಯೂ ತೆಗೆದುಕೊಳ್ಳಬೇಕು. ನೋವಿಗೆ ಬೇರೆ ಔಷಧ, ಇದರ ಜೊತೆಗೆ, ಬೇಕೇ ಬೇಕು. ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಆದರೆ ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ 'ತಾನೇ ಕೇಂದ್ರಕ್ಕೆ ಹೋಗಿ ಹೇಳಿಕೊಂಡ' ಅಂತ ಒಂದು ಸಾಲು ಇದೆ. ಅಷ್ಟು ನೋವಿನಲ್ಲಿ, ಅಷ್ಟು ಅವಮಾನ ಆದಮೇಲೆ, ಕೋಲು ಹಿಡಿದುಕೊಂಡು ಹೋಗಿ 'ತಪ್ಪಾಯಿತು' ಅಂತ ಹೇಳಿದ್ದಾನಲ್ಲ, ಅದು ಸಣ್ಣ ವಿಷಯ ಅಲ್ಲ. ಆ ಎರಡು ದಿನ ಅವನು ನಶೆ ಹುಡುಕಿಕೊಂಡು ಹೋಗಲಿಲ್ಲ. ನೋವಿಗೆ ಔಷಧ ಸಿಗದೆ, ತನಗೆ ಗೊತ್ತಿದ್ದ ಒಂದೇ ಔಷಧದ ಹತ್ತಿರ ಹೋದ. ಮನೆಯಲ್ಲಿ ಯಾರಾದರೂ ಇನ್ನೂ ಅದನ್ನು ಎತ್ತಿ ಆಡುತ್ತಿದ್ದರೆ ದಯವಿಟ್ಟು ನಿಲ್ಲಿಸಲು ಹೇಳಿ.

ಈಗ ಆಸ್ಪತ್ರೆಯಲ್ಲಿ ಎಡವಟ್ಟು ಆಗಿದ್ದು ಎಲ್ಲಿ ಅಂತ ನೋಡೋಣ.

ಬ್ಯೂಪ್ರೆನಾರ್ಫಿನ್ ಕೂಡ ಅಫೀಮಿನ ಗುಂಪಿನದೇ ಔಷಧ. ಈ ಗುಂಪಿಗೆ ಒಪಿಯಾಯ್ಡ್ ಅನ್ನುತ್ತಾರೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್ ಎಲ್ಲ ಇದೇ ಮನೆತನ. ಹಾಗಾಗಿ ಎಷ್ಟೋ ಡಾಕ್ಟರುಗಳಿಗೂ ಒಂದು ಯೋಚನೆ ಬರುತ್ತದೆ: 'ಇವನು ದಿನಾ ಇಷ್ಟು ದೊಡ್ಡ ಒಪಿಯಾಯ್ಡ್ ತೆಗೆದುಕೊಳ್ಳುತ್ತಾನೆ, ಇವನಿಗೆ ಇನ್ನೇನು ನೋವು?' ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ತಪ್ಪು. ಈ ಔಷಧ ಎರಡು ಕೆಲಸ ಮಾಡುತ್ತದೆ, ಎರಡಕ್ಕೂ ಬೇರೆ ಬೇರೆ ಗಡಿಯಾರ ಇದೆ. ಚಟದ ಸೆಳೆತ ಮತ್ತು ಔಷಧ ನಿಂತಾಗ ಬರುವ ಒದ್ದಾಟ, ಅಂದರೆ ವಿತ್‌ಡ್ರಾವಲ್ ತಡೆಯುವ ಕೆಲಸ 24 ಗಂಟೆ, ಕೆಲವರಲ್ಲಿ ಅದಕ್ಕಿಂತ ಜಾಸ್ತಿ ನಡೆಯುತ್ತದೆ. ನೋವು ತಗ್ಗಿಸುವ ಕೆಲಸ ಮಾತ್ರ 6ರಿಂದ 8 ಗಂಟೆಗೆ ಮುಗಿದುಹೋಗುತ್ತದೆ. ಬೆಳಿಗ್ಗೆ 7ಕ್ಕೆ ತೆಗೆದುಕೊಂಡ ಮಾತ್ರೆ ಮಧ್ಯಾಹ್ನ ಊಟದ ಹೊತ್ತಿಗೆ ನೋವಿನ ವಿಷಯದಲ್ಲಿ ಕೈ ಬಿಟ್ಟಿರುತ್ತದೆ. ಅದೂ ಅಲ್ಲದೆ, ವರ್ಷಗಟ್ಟಲೆ ತೆಗೆದುಕೊಂಡ ದೇಹ ಆ ಡೋಸಿಗೆ ಒಗ್ಗಿಹೋಗಿರುತ್ತದೆ. ಅದು ಅವನನ್ನು ನೆಟ್ಟಗೆ ನಿಲ್ಲಿಸುತ್ತದೆ, ಅಷ್ಟೆ. ಮುರಿದ ಮೂಳೆಯ ನೋವಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಕಡೆಯವರು ಉಲ್ಟಾ ಹೇಳುತ್ತಾರೆ. 'ಈ ಮಾತ್ರೆ ಇದ್ದರೆ ಬೇರೆ ನೋವಿನ ಔಷಧ ಹಿಡಿಯುವುದೇ ಇಲ್ಲ, ಅದಕ್ಕೇ ನಿಲ್ಲಿಸಬೇಕು' ಅಂತ. ಇದರಲ್ಲಿ ಅರ್ಧ ಸತ್ಯ ಇದೆ. ನಮ್ಮ ಕೆಂಪು ಬಸ್ಸನ್ನು ನೆನಪಿಸಿಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಬ್ಯೂಪ್ರೆನಾರ್ಫಿನ್ ಹಾಗೆ. ಮಿದುಳಿನಲ್ಲಿ ಒಪಿಯಾಯ್ಡ್ ಕೂರುವ ಸೀಟುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಸುಲಭಕ್ಕೆ ಏಳುವುದಿಲ್ಲ. ಆದರೆ ಬಸ್ಸು ಪೂರ್ತಿ ತುಂಬಿರುವುದಿಲ್ಲ. 8 ಮಿಲಿಗ್ರಾಂನಲ್ಲಿ ಇನ್ನೂ ಸಾಕಷ್ಟು ಸೀಟು ಖಾಲಿ ಇರುತ್ತವೆ. ಮಾರ್ಫಿನ್ ಅಥವಾ ಫೆಂಟನಿಲ್ ಕೊಟ್ಟರೆ ಅವು ಅಲ್ಲಿ ಕೂರುತ್ತವೆ, ಕೆಲಸವನ್ನೂ ಮಾಡುತ್ತವೆ. ಡೋಸ್ ಮಾತ್ರ ಬೇರೆಯವರಿಗಿಂತ ಜಾಸ್ತಿ ಬೇಕಾಗಬಹುದು, ಬೇಗ ಬೇಗ ಕೊಡಬೇಕಾಗಬಹುದು.

ಹಿಂದೆ ಆಪರೇಷನ್‌ಗೆ ಕೆಲವು ದಿನ ಮೊದಲೇ ಈ ಮಾತ್ರೆ ನಿಲ್ಲಿಸುವ ಪದ್ಧತಿ ಹಲವು ಕಡೆ ಇತ್ತು. ಈಗ ಆ ಯೋಚನೆ ಬದಲಾಗಿದೆ. ಅಮೆರಿಕದ ವ್ಯಸನ ಚಿಕಿತ್ಸಾ ತಜ್ಞರ ಸಂಘ 2020ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ, ಆಪರೇಷನ್‌ಗಾಗಿ ಬ್ಯೂಪ್ರೆನಾರ್ಫಿನ್ ಆಗಲಿ, ಇದೇ ಚಿಕಿತ್ಸೆಗೆ ಕೊಡುವ ಇನ್ನೊಂದು ಒಪಿಯಾಯ್ಡ್ ಮೆಥಡೋನ್ ಆಗಲಿ ನಿಲ್ಲಿಸುವ ಅಗತ್ಯ ಇಲ್ಲ ಅಂತ ಹೇಳಿತು. ನಿಲ್ಲಿಸಿದರೆ ಆಗುವ ತೊಂದರೆ ಏನು ಅಂತ ನೀವೇ ಕಣ್ಣಾರೆ ನೋಡಿದ್ದೀರಿ. ಮೊದಲು ವಿತ್‌ಡ್ರಾವಲ್. ಅದರ ಮೇಲೆ ಮೂಳೆಯ ನೋವು. ಅದರ ಮೇಲೆ ಹಳೇ ಸೆಳೆತ. ಆಮೇಲೆ ಮತ್ತೆ ಮಾತ್ರೆ ಶುರು ಮಾಡುವುದೂ ಸುಲಭ ಅಲ್ಲ. ಮಾರ್ಫಿನ್ ಮೈಯಲ್ಲಿ ತುಂಬಿರುವಾಗ ಬ್ಯೂಪ್ರೆನಾರ್ಫಿನ್ ಕೊಟ್ಟರೆ ಅದು ಕೂತವರನ್ನೆಲ್ಲ ಒಮ್ಮೆಲೇ ಎಬ್ಬಿಸಿಬಿಡುತ್ತದೆ. ರೋಗಿ ಒಂದು ಗಂಟೆಯೊಳಗೆ ವಾಂತಿ, ಬೆವರು, ನಡುಕ ಅಂತ ಒದ್ದಾಡುತ್ತಾನೆ. ಅದನ್ನು ತಪ್ಪಿಸಲು ಕಾಯಬೇಕು, ಕಾದಷ್ಟು ಹೊತ್ತೂ ಅವನಿಗೆ ಹಿಂಸೆ. ಇಷ್ಟೆಲ್ಲ ಯಾಕೆ, ನಿಲ್ಲಿಸದೇ ಇದ್ದರೆ ಆಯಿತಲ್ವಾ?

ಮಾತ್ರೆಯ ಹೆಸರಿನಲ್ಲಿ 'ನಲಾಕ್ಸೋನ್' ಅಂತ ಇರುವುದೂ ಗೊಂದಲಕ್ಕೆ ಕಾರಣ. ನಲಾಕ್ಸೋನ್ ಒಪಿಯಾಯ್ಡ್ ವಿರೋಧಿ ಔಷಧ. 'ಅದು ಇರುವಾಗ ಮಾರ್ಫಿನ್ ಹೇಗೆ ಹಿಡಿಯುತ್ತೆ?' ಅಂತ ಡ್ಯೂಟಿ ಡಾಕ್ಟರು ಕೇಳಬಹುದು. ನಾಲಿಗೆ ಕೆಳಗೆ ಇಟ್ಟಾಗ ನಲಾಕ್ಸೋನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಯಾರಾದರೂ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡರೆ ತಡೆಯಲಿ ಅಂತಲೇ ಅದನ್ನು ಸೇರಿಸಿರುವುದು. ನಿಮ್ಮ ತಮ್ಮ ಸರಿಯಾಗಿ ತೆಗೆದುಕೊಳ್ಳುತ್ತಿರುವಾಗ ಅದು ನೋವಿನ ಔಷಧಕ್ಕೆ ಅಡ್ಡ ಬರುವುದಿಲ್ಲ.

ಇನ್ನು, 'ಇಷ್ಟಕ್ಕೆಲ್ಲ ಇಷ್ಟು ಕೂಗುತ್ತಾನಾ' ಅನ್ನುವ ಮಾತು. ತುಂಬಾ ದಿನ ಒಪಿಯಾಯ್ಡ್ ತೆಗೆದುಕೊಂಡವರ ನರಗಳು ನೋವಿಗೆ ಸೂಕ್ಷ್ಮ ಆಗಿರುತ್ತವೆ. ಐಸ್ ನೀರಿನಲ್ಲಿ ಕೈ ಅದ್ದಿಸಿ, ಎಷ್ಟು ಹೊತ್ತು ತಡೆಯುತ್ತಾರೆ ಅಂತ ನೋಡುವ ಪರೀಕ್ಷೆ ಇದೆ. ಈ ಚಿಕಿತ್ಸೆಯಲ್ಲಿ ಇರುವವರು ಬೇರೆಯವರಿಗಿಂತ ಬೇಗ ಕೈ ತೆಗೆಯುತ್ತಾರೆ. ಅವರ ಮನಸ್ಸು ದುರ್ಬಲ ಅಂತಲ್ಲ, ಅವರಿಗೆ ನಿಜವಾಗಿಯೂ ಜಾಸ್ತಿ ನೋಯುತ್ತದೆ.

ನನಗೆ ಇದನ್ನು ಪುಸ್ತಕ ಕಲಿಸಲಿಲ್ಲ, ಒಬ್ಬ ಲಾರಿ ಡ್ರೈವರ್ ಕಲಿಸಿದರು. ನಾನು ಆಗ ಕಲಿಯುತ್ತಿದ್ದ ದಿನಗಳು. ರಾತ್ರಿ ಎರಡು ಗಂಟೆಗೆ ಸರ್ಜರಿ ವಾರ್ಡಿನಿಂದ ಫೋನ್ ಬಂತು. 'ಅಡಿಕ್ಟ್ ಒಬ್ಬ ಗಲಾಟೆ ಮಾಡ್ತಿದ್ದಾನೆ, ಬಂದು ನೋಡಿ' ಅಂದರು. ಹೋಗಿ ನೋಡಿದರೆ ಸುಮಾರು 40 ವಯಸ್ಸಿನವರು, ಬಲಗೈ ಲಾರಿಯ ಹಿಂದಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಉತ್ತರದ ಕಡೆ ಲೋಡ್ ಹೊಡೆಯುವಾಗ ಅಫೀಮು ಅಭ್ಯಾಸ ಆಗಿ, ಆಮೇಲೆ ಚಿಕಿತ್ಸೆಗೆ ಬಂದು, ಬ್ಯೂಪ್ರೆನಾರ್ಫಿನ್ ಮೇಲೆ ಇದ್ದವರು. ಕೇಸ್ ಶೀಟಿನಲ್ಲಿ ದಪ್ಪ ಅಕ್ಷರದಲ್ಲಿ 'ಒಪಿಯಾಯ್ಡ್ ಕೊಡಬೇಡಿ' ಅಂತ ಬರೆದಿತ್ತು. ನಾನೂ ಅದನ್ನೇ ನಂಬಿಕೊಂಡು ಬುದ್ಧಿ ಹೇಳಲು ಕೂತೆ. ಮಾತಾಡುತ್ತಾ ಅವರ ಎಡಗೈ ಹಿಡಿದುಕೊಂಡೆ. ಮೊಣಕೈವರೆಗೂ ಕೂದಲು ನೆಟ್ಟಗೆ ನಿಂತಿತ್ತು. ಚರ್ಮ ಕೋಳಿ ಚರ್ಮದ ಹಾಗೆ ಗುಳ್ಳೆ ಗುಳ್ಳೆ. ಮೂಗು ಸೋರುತ್ತಿತ್ತು, ಆಕಳಿಕೆ ಮೇಲೆ ಆಕಳಿಕೆ. ಪೂರ್ತಿ ವಿತ್‌ಡ್ರಾವಲ್. ಎರಡು ದಿನದಿಂದ ಯಾರೂ ಮಾತ್ರೆ ಕೊಟ್ಟಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಚೀಲಕ್ಕೆ ಕೈ ಹಾಕಿ, ನ್ಯೂಸ್ ಪೇಪರಿನಲ್ಲಿ ಮಡಿಸಿಟ್ಟಿದ್ದ ಮಾತ್ರೆಯ ಸ್ಟ್ರಿಪ್ ತೆಗೆದರು. ಸಿಸ್ಟರ್ ಬೈತಾರೆ ಅಂತ ಹೆದರಿ ಅವರು ಅದನ್ನು ಹೊರಗೇ ತೆಗೆದಿರಲಿಲ್ಲ.

ನಮ್ಮ ಸೀನಿಯರ್‌ಗೆ ಫೋನ್ ಮಾಡಿ ಕೇಳಿ, ಆ ಮಾತ್ರೆ ನಾಲಿಗೆ ಕೆಳಗೆ ಇಡಿಸಿದೆವು. ಮುಕ್ಕಾಲು ಗಂಟೆಯಲ್ಲಿ ಮೂಗು ಸೋರುವುದು ನಿಂತಿತು. ಆದರೆ ಕೈ ನೋವು ಹಾಗೇ ಇತ್ತು. ವಿತ್‌ಡ್ರಾವಲ್ ಬೇರೆ, ನೋವು ಬೇರೆ ಅಂತ ನನಗೆ ಅಷ್ಟು ಸ್ಪಷ್ಟವಾಗಿ ಕಂಡಿದ್ದು ಅವತ್ತೇ. ಆಮೇಲೆ ಅರಿವಳಿಕೆ ಡಾಕ್ಟರು ಬಂದು ಕಂಕುಳಲ್ಲಿ ನರದ ಸುತ್ತ ಇಂಜೆಕ್ಷನ್ ಕೊಟ್ಟು ಕೈ ಮರಗಟ್ಟಿಸಿದರು. 'ಗಲಾಟೆ' ಮಾಡುತ್ತಿದ್ದವರು ಬೆಳಿಗ್ಗೆವರೆಗೂ ಮಲಗಿದರು.

'ನಾಟಕ' ಅನ್ನುವ ಪದ ಬರೀ ಅವಮಾನ ಅಲ್ಲ, ಅದರಿಂದ ಕಾಲೇ ಹೋಗಬಹುದು. ಮೊಣಕಾಲಿನ ಕೆಳಗಿನ ಮೂಳೆ ಮುರಿದಾಗ ಒಳಗೆ ಊತ ಬಂದು, ಮಾಂಸಖಂಡದ ಒತ್ತಡ ಏರಿ, ರಕ್ತ ಓಡಾಟ ನಿಲ್ಲುವ ಸಂದರ್ಭ ಇರುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಅದರ ಮೊದಲ ಗುರುತೇ ಪೆಟ್ಟಿಗೆ ಮೀರಿದ ನೋವು, ಎಷ್ಟು ಔಷಧ ಕೊಟ್ಟರೂ ತಗ್ಗದ ನೋವು. ಕಾಲ ಬೆರಳನ್ನು ಮೇಲಕ್ಕೆ ಬಗ್ಗಿಸಿದರೆ ಪ್ರಾಣ ಹೋದ ಹಾಗೆ ಆಗುತ್ತದೆ, ಮೀನಖಂಡ ಕಲ್ಲಿನ ಹಾಗೆ ಗಟ್ಟಿ ಆಗಿರುತ್ತದೆ. ಆಗ ಕೆಲವೇ ಗಂಟೆಗಳಲ್ಲಿ ಕೊಯ್ದು ಒತ್ತಡ ಬಿಡಿಸಬೇಕು. ಹಳೇ ಚಟ ಇದ್ದವನು ಕೂಗಿದರೆ 'ನಶೆಗೆ' ಅಂದುಕೊಂಡು ಯಾರೂ ಪಟ್ಟಿ ಬಿಚ್ಚಿ ನೋಡದಿದ್ದರೆ ಏನಾಗಬಹುದು, ಯೋಚಿಸಿ. ನಿಮ್ಮ ತಮ್ಮನಿಗೆ ಪುಣ್ಯಕ್ಕೆ ಹಾಗಾಗಲಿಲ್ಲ. ಮುಂದೆಯೂ, ನೋವು ಹಠಾತ್ತಾಗಿ ಏರಿದರೆ ಮೊದಲು ಕಾಲು ನೋಡಿಸಿ, ಆಮೇಲೆ ಉಳಿದ ಮಾತು.

ಈಗ ನಿಮ್ಮ ಆಪರೇಷನ್ ವಿಷಯಕ್ಕೆ ಬರೋಣ. ಇದು ಮೊದಲಿನಂತೆ ದಿಢೀರ್ ಅಂತ ಬಂದಿದ್ದಲ್ಲ, ಒಂದು ತಿಂಗಳು ಸಮಯ ಇದೆ. ಅದೇ ನಿಮ್ಮ ದೊಡ್ಡ ಅನುಕೂಲ.

ಸೊಂಟದ ಮೂಳೆಯಿಂದ ಚೂರು ತೆಗೆದು ಕಾಲಿಗೆ ಹಾಕುವ ಆಪರೇಷನ್‌ನಲ್ಲಿ ಒಂದು ವಿಚಿತ್ರ ಇದೆ. ಎಷ್ಟೋ ಜನರಿಗೆ ಕಾಲಿಗಿಂತ ಸೊಂಟವೇ ಜಾಸ್ತಿ ನೋಯುತ್ತದೆ. ಇದನ್ನು ನಿಮ್ಮ ತಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿ ಆಗುತ್ತಾನೆ. ಆ ಜಾಗಕ್ಕೆ ಆಪರೇಷನ್ ಮುಗಿಸುವಾಗಲೇ ಬುಪಿವಕೇನ್ ಅನ್ನುವ ಮರಗಟ್ಟಿಸುವ ಔಷಧ ಚುಚ್ಚಿಬಿಡಬಹುದು. ಸರ್ಜನ್ ಹತ್ತಿರ ಕೇಳಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸ್ಪೈನಲ್ ಮಾಡಿದರೆ ಕೆಲವು ಗಂಟೆ ಏನೂ ಗೊತ್ತಾಗುವುದಿಲ್ಲ, ಅದು ಇಳಿಯುತ್ತಿದ್ದ ಹಾಗೆ ನೋವು ದಡಬಡ ಅಂತ ಬರುತ್ತದೆ. ಕಾಲು ಜುಮ್ ಅನ್ನಲು ಶುರುವಾಗುವ ಮೊದಲೇ ನೋವಿನ ಔಷಧ ಹೋಗಿರಬೇಕು. ಬೆನ್ನಿನಲ್ಲಿ ಸಣ್ಣ ಟ್ಯೂಬ್ ಬಿಟ್ಟು ಎರಡು ಮೂರು ದಿನ ಔಷಧ ಬಿಡುವ ಎಪಿಡ್ಯೂರಲ್ ಇನ್ನೂ ಒಳ್ಳೆಯದು. ನರ ಮರಗಟ್ಟಿಸುವ ಬ್ಲಾಕ್‌ಗಳೂ ಇವೆ. ಯಾವುದು ಸರಿ ಅಂತ ಅರಿವಳಿಕೆ ಡಾಕ್ಟರೇ ಹೇಳಬೇಕು. ಇವೆಲ್ಲದರ ದೊಡ್ಡ ಗುಣ ಏನೆಂದರೆ, ಇವು ಒಪಿಯಾಯ್ಡ್ ಸೀಟುಗಳ ಜೊತೆ ಜಗಳಕ್ಕೇ ಹೋಗುವುದಿಲ್ಲ. ಚಟದ ಭಯವೂ ಇಲ್ಲ, ಬ್ಯೂಪ್ರೆನಾರ್ಫಿನ್ ಅಡ್ಡಿಯೂ ಇಲ್ಲ.

ಇದರ ಜೊತೆ ಪ್ಯಾರಾಸಿಟಮಾಲ್, ಗಡಿಯಾರ ನೋಡಿಕೊಂಡು, ನೋವು ಬರಲಿ ಅಂತ ಕಾಯದೆ. ಸಾಧಾರಣ ಮೈಕಟ್ಟಿನ ದೊಡ್ಡವರಿಗೆ ಆಸ್ಪತ್ರೆಯಲ್ಲಿ 6 ಗಂಟೆಗೊಮ್ಮೆ 1 ಗ್ರಾಂ ಕೊಡುತ್ತಾರೆ, ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ಹಿಂದೆ ಎಂದಾದರೂ ಸೂಜಿ ಚುಚ್ಚಿಕೊಂಡಿದ್ದರೆ ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತ ನೋಡಿ. ಲಿವರ್ ಕೆಟ್ಟಿದ್ದರೆ ಡೋಸ್ ಇಳಿಸುತ್ತಾರೆ. ಡೈಕ್ಲೋಫೆನಾಕ್, ಕೆಟೊರೊಲ್ಯಾಕ್ ಇಂಥವೂ ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಮೂಳೆ ಕೂಡದೆ ಇರುವ ಕೇಸಿನಲ್ಲಿ ಅವನ್ನು ತುಂಬಾ ದಿನ ಕೊಡಲು ಮೂಳೆ ಡಾಕ್ಟರು ಹಿಂಜರಿಯಬಹುದು. ಅದು ಅವರ ತೀರ್ಮಾನಕ್ಕೆ ಬಿಡಿ. ಬೀಡಿ ಸಿಗರೇಟು ಅಭ್ಯಾಸ ಇದ್ದರೆ ಈ ಒಂದು ತಿಂಗಳಲ್ಲಿ ಬಿಡಿಸಲು ನೋಡಿ. ಹೊಗೆ ಮೂಳೆ ಕೂಡುವುದನ್ನು ನಿಜವಾಗಿಯೂ ನಿಧಾನ ಮಾಡುತ್ತದೆ.

ಇನ್ನು ಅವನ ದಿನದ ಮಾತ್ರೆ. ಇಲ್ಲಿ ಒಂದು ಸುಲಭ ಉಪಾಯ ಇದೆ, ಆದರೆ ಕೇಂದ್ರದ ಡಾಕ್ಟರು ಹೇಳಿಯೇ ಮಾಡಬೇಕು. ಬೆಳಿಗ್ಗೆ ಒಟ್ಟಿಗೆ ಇಟ್ಟುಕೊಳ್ಳುವ ನಾಲ್ಕು ಮಾತ್ರೆಗಳನ್ನು ಆಪರೇಷನ್ ಆದ ಕೆಲವು ದಿನ 6ರಿಂದ 8 ಗಂಟೆಗೊಮ್ಮೆ ಹಂಚಿ ಕೊಡುವುದು. ಡೋಸ್ ಅಷ್ಟೇ, ಆದರೆ ಮೇಲೆ ಹೇಳಿದೆನಲ್ಲ, ನೋವಿನ ಗಡಿಯಾರ, ಅದಕ್ಕೆ ಹೊಂದಿಕೊಳ್ಳುತ್ತದೆ. ಬೇಕಾದರೆ ಕೆಲವು ದಿನದ ಮಟ್ಟಿಗೆ ಒಂದಿಷ್ಟು ಹೆಚ್ಚಿಸಲೂಬಹುದು. ಸಾಧಾರಣ ನೋವಿಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಬ್ಯೂಪ್ರೆನಾರ್ಫಿನ್ ಏನೂ ಹೊಸದಾಗಿ ನೋವಿನ ಔಷಧ ಆಗಿದ್ದಲ್ಲ. 0.3 ಮಿಲಿಗ್ರಾಂನ ಪುಟ್ಟ ಇಂಜೆಕ್ಷನ್ ಆಗಿ ಆಪರೇಷನ್ ನೋವಿಗೆ ಕೊಟ್ಟುಕೊಂಡು ಬಂದಿದ್ದೇ ಇದನ್ನು.

ಆಪರೇಷನ್ ದಿನ 'ಏನೂ ತಿನ್ನಬೇಡಿ ಕುಡಿಯಬೇಡಿ' ಅನ್ನುತ್ತಾರೆ. ಈ ಮಾತ್ರೆ ನುಂಗುವುದಲ್ಲ, ನಾಲಿಗೆ ಕೆಳಗೆ ಕರಗುವುದು. ಹಾಗಾಗಿ ಅವತ್ತೂ ಕೊಡಬಹುದು. ಹಿಂದಿನ ದಿನವೇ ಅರಿವಳಿಕೆ ಡಾಕ್ಟರನ್ನು ಕೇಳಿ, ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ. ಬಾಯಿ ಒಣಗಿದ್ದರೆ ಕರಗುವುದು ನಿಧಾನ, ಮೊದಲು ತುಟಿ ನಾಲಿಗೆ ಒದ್ದೆ ಮಾಡಿಸಿ.

ಒಂದು ಪ್ರಾಯೋಗಿಕ ತೊಂದರೆ. ಈ ಮಾತ್ರೆ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ವ್ಯಸನಮುಕ್ತಿ ಕೇಂದ್ರಗಳ ಮೂಲಕವೇ ಕೊಡುತ್ತಾರೆ. ಮೂಳೆ ಆಸ್ಪತ್ರೆಯ ಫಾರ್ಮಸಿಯಲ್ಲಿ ಇರುವುದು ಅನುಮಾನವೇ. ಮೊದಲ ಸಲ 'ನಿಲ್ಲಿಸಿದರು' ಅಂದಿರಲ್ಲ, ಬಹುಶಃ ಅವರ ಹತ್ತಿರ ಇರಲೇ ಇಲ್ಲವೇನೋ. ಅದಕ್ಕೇ ಆಸ್ಪತ್ರೆಯಲ್ಲಿ ಇರುವಷ್ಟು ದಿನಕ್ಕೆ ಕೇಂದ್ರದಿಂದಲೇ ಮಾತ್ರೆ ಬರೆಸಿಕೊಂಡು ಹೋಗಿ, ಜೊತೆಗೆ ಡಾಕ್ಟರ ಪತ್ರ. ಕದ್ದು ಕೊಡಬೇಡಿ. ಸಿಸ್ಟರ್ ಕೈಗೆ ಕೊಟ್ಟು, ಅವರೇ ಹೊತ್ತಿಗೆ ಸರಿಯಾಗಿ ಕೊಡುವ ಹಾಗೆ ಮಾಡಿಸಿ.

ಇಷ್ಟೆಲ್ಲ ಮಾಡಿದಮೇಲೂ ನೋವು ಉಳಿದರೆ? ಉಳಿಯಬಹುದು, ಮೂಳೆ ಆಪರೇಷನ್ ಅದು. ಆಗ ಆಸ್ಪತ್ರೆಯಲ್ಲಿ ಇರುವಾಗ ಫೆಂಟನಿಲ್ ಅಥವಾ ಮಾರ್ಫಿನ್ ಕೊಡಬಹುದು, ಕೊಡಬೇಕು. ತುಂಬಾ ಕಡಿಮೆ ಡೋಸಿನಲ್ಲಿ ಕೆಟಮಿನ್ ಅನ್ನುವ ಅರಿವಳಿಕೆ ಔಷಧ ಕೂಡ ಒಳ್ಳೆಯ ಸಹಾಯ. ಮಾರ್ಫಿನ್ ಕೊಡುವಾಗ ಉಸಿರು, ಆಕ್ಸಿಜನ್, ಎಚ್ಚರ ಎಷ್ಟಿದೆ ಅನ್ನುವುದನ್ನು ನೋಡುತ್ತಿರಬೇಕು. ನೀವೂ ಪಕ್ಕದಲ್ಲಿ ಕೂತು ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 10ಕ್ಕಿಂತ ಕಡಿಮೆ ಆದರೆ, ಕರೆದರೆ ಏಳದೆ ಇದ್ದರೆ, ತಕ್ಷಣ ಸಿಸ್ಟರನ್ನು ಕೂಗಿ. ನಿದ್ದೆ ಮಾತ್ರೆಯನ್ನು ಇದರ ಜೊತೆ ಸೇರಿಸುವುದು ಅಪಾಯ. ಆಲ್ಪ್ರಜೋಲಮ್ ತರಹದ್ದು ಯಾರಾದರೂ ಬರೆದರೆ 'ಇವನು ಬ್ಯೂಪ್ರೆನಾರ್ಫಿನ್ ಮೇಲೆ ಇದ್ದಾನೆ' ಅಂತ ನೆನಪಿಸಿ.

ಬೇಡದ ಔಷಧಗಳ ಹೆಸರೂ ಹೇಳಿಬಿಡುತ್ತೇನೆ, ಪತ್ರದಲ್ಲಿ ಬರೆಸಿ. ಪೆಂಟಜೋಸಿನ್, ಬ್ಯುಟಾರ್ಫನಾಲ್. ನಮ್ಮ ಸಣ್ಣ ಆಸ್ಪತ್ರೆಗಳಲ್ಲಿ ಪೆಂಟಜೋಸಿನ್ ಇಂಜೆಕ್ಷನ್ ಕೈಗೆ ಸುಲಭವಾಗಿ ಸಿಗುತ್ತದೆ, ಅಭ್ಯಾಸಬಲದಿಂದ ಕೊಟ್ಟುಬಿಡುತ್ತಾರೆ. ಇವು ಸೀಟಿನಲ್ಲಿ ಕೂತವರನ್ನು ಎಬ್ಬಿಸುವ ಗುಣದವು. ನೋವು ತಗ್ಗುವ ಬದಲು ವಿತ್‌ಡ್ರಾವಲ್ ಬರಿಸಬಹುದು. ಮೆಥಡೋನ್ ಮೇಲೆ ಇರುವವರಿಗಂತೂ ಇದು ತೀರಾ ಕೆಟ್ಟದ್ದು. ಟ್ರಮಡಾಲ್ ಇಂಥ ರೋಗಿಗಳಲ್ಲಿ ಅಷ್ಟೇನೂ ಕೆಲಸ ಮಾಡುವುದಿಲ್ಲ, ಡೋಸ್ ಏರಿಸಿದರೆ ಫಿಟ್ಸ್ ಭಯ ಬೇರೆ. ಇನ್ನು ಟಪೆಂಟಡಾಲ್. ನಿಮ್ಮ ತಮ್ಮ ಬಿದ್ದಿದ್ದೇ ಅದಕ್ಕೆ. ಅದು ಮೂಳೆ ಡಾಕ್ಟರು ಡಿಸ್ಚಾರ್ಜ್ ಚೀಟಿಯಲ್ಲಿ ಆಗಾಗ ಬರೆಯುವ ಮಾತ್ರೆ. ಗೊತ್ತಿಲ್ಲದೆ ಬರೆದುಬಿಟ್ಟಾರು. ಮಾರ್ಫಿನ್, ಫೆಂಟನಿಲ್ ಆದರೂ ಯೋಚಿಸೋಣ, ಅದು ಮಾತ್ರ ಬೇಡ ಅಂತ ಖಡಾಖಂಡಿತವಾಗಿ ಹೇಳಿ.

ನಿಮ್ಮ ದೊಡ್ಡ ಭಯ: ನೋವಿನ ಇಂಜೆಕ್ಷನ್‌ನಿಂದ ಮತ್ತೆ ಚಟ ಹತ್ತುತ್ತಾ? ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೋಲಿಸಿ ನೋಡಿ. ಆಸ್ಪತ್ರೆಯಲ್ಲಿ, ದಿನದ ಮಾತ್ರೆ ಮುಂದುವರಿಸಿಕೊಂಡು, ಎಣಿಸಿ ಕೊಟ್ಟ ಮೂರು ದಿನದ ಔಷಧ ಒಂದು ಕಡೆ. ನೋವು ತಡೆಯಲಾಗದೆ, ಮರ್ಯಾದೆ ಕಳೆದುಕೊಂಡು, ರಾತ್ರಿ ಹೊತ್ತು ಹಳೇ ಗೆಳೆಯನಿಗೆ ಫೋನ್ ಮಾಡುವುದು ಇನ್ನೊಂದು ಕಡೆ. ಯಾವುದರಿಂದ ಅವನು ಜಾರಿದ ಅಂತ ನಿಮಗೇ ಗೊತ್ತು. ನನ್ನ ಇಷ್ಟು ವರ್ಷದ ಅನುಭವದಲ್ಲಿ ನೋವು ಸರಿಯಾಗಿ ನೋಡಿಕೊಂಡವರಿಗಿಂತ ನೋವನ್ನು ಅಲಕ್ಷ್ಯ ಮಾಡಿಸಿಕೊಂಡವರೇ ಜಾಸ್ತಿ ಜಾರಿದ್ದಾರೆ. ಬ್ಯೂಪ್ರೆನಾರ್ಫಿನ್ ಸೀಟು ಹಿಡಿದು ಕೂತಿರುವಾಗ ಮಾರ್ಫಿನ್‌ನಿಂದ 'ಕಿಕ್' ಸಿಗುವುದೂ ಕಷ್ಟ. ಅದೂ ಅವನಿಗೆ ಒಂದು ಬೇಲಿ.

ಆಸ್ಪತ್ರೆಯಲ್ಲಿ ಹೇಳಬೇಕಾ ಅಂತ ಕೇಳಿದ್ದೀರಿ. ಮುಚ್ಚಿಟ್ಟರೆ ಅರಿವಳಿಕೆ ಡಾಕ್ಟರಿಗೆ ಲೆಕ್ಕ ತಪ್ಪುತ್ತದೆ, ಪೆಂಟಜೋಸಿನ್ ಬಂದುಬಿಡುತ್ತದೆ, ಎರಡನೇ ದಿನ ವಿತ್‌ಡ್ರಾವಲ್ ಬಂದರೆ ಯಾರಿಗೂ ಅರ್ಥ ಆಗುವುದಿಲ್ಲ. ಹಾಗಾಗಿ ಹೇಳಲೇಬೇಕು. ಆದರೆ ವಾರ್ಡಿನಲ್ಲಿ ಎಲ್ಲರ ಮುಂದೆ ಅಲ್ಲ. ಸರ್ಜನ್ ಮತ್ತು ಅರಿವಳಿಕೆ ಡಾಕ್ಟರಿಗೆ, ಆಪರೇಷನ್‌ಗೆ ಮೊದಲಿನ ತಪಾಸಣೆಯಲ್ಲಿ, ಬಾಗಿಲು ಹಾಕಿಕೊಂಡು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಸಮಸ್ಯೆಯೂ ಸೇರಿದೆ, ಚಿಕಿತ್ಸೆಯ ವಿವರ ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕೂ ಅದರಲ್ಲಿದೆ. ಯಾರಾದರೂ ವಾರ್ಡಿನಲ್ಲಿ ಕೂಗಿ ಹೇಳಿದರೆ, ಅದು ತಪ್ಪು ಅಂತ ಮೆಲ್ಲಗೆ, ಗಟ್ಟಿಯಾಗಿ ಹೇಳುವ ಅಧಿಕಾರ ನಿಮಗೆ ಇದೆ.

ಹೇಳುವ ರೀತಿಯೂ ಮುಖ್ಯ. 'ಇವನು ಅಡಿಕ್ಟ್, ಸ್ವಲ್ಪ ಹುಷಾರಾಗಿ ನೋಡಿ' ಅಂದರೆ ಕೇಳಿದವರ ಮುಖವೇ ಬದಲಾಗುತ್ತದೆ. 'ಇವನು 20 ತಿಂಗಳಿಂದ ಈ ಮಾತ್ರೆಯ ಚಿಕಿತ್ಸೆಯಲ್ಲಿ ಇದ್ದಾನೆ, ಇದು ಡಾಕ್ಟರ ಪತ್ರ, ಇದು ಅವರ ನಂಬರ್, ನೋವಿಗೆ ಪ್ಲಾನ್ ಮಾಡಬೇಕಿತ್ತು' ಅನ್ನಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ವಿಷಯ ಹೇಳುತ್ತಾರಲ್ಲ, ಅದೇ ಧ್ವನಿಯಲ್ಲಿ.

ಮನೆಗೆ ಬಂದಮೇಲಿನ ವಾರ ನಾಜೂಕಿನದು. ನೋವಿನ ಒಪಿಯಾಯ್ಡ್ ಬೇಕಾದರೆ ಮೂರರಿಂದ ಐದು ದಿನಕ್ಕಷ್ಟೇ ಬರೆಸಿಕೊಳ್ಳಿ, ಹಾಗೇ ಸುಮ್ನೆ ಒಂದು ತಿಂಗಳಿಗೆ ಬೇಡ. ಮಾತ್ರೆ ನಿಮ್ಮ ಹತ್ತಿರ ಇರಲಿ, ಹೊತ್ತಿಗೆ ಸರಿಯಾಗಿ ಕೊಡಿ. ಈ ಏರ್ಪಾಡನ್ನು ಅವನೊಡನೆ ಕೂತು, ಅವನು ಒಪ್ಪಿದಮೇಲೆ ಮಾಡಿ. ಹೇಳದೆ ಕೇಳದೆ ಬೀಗ ಹಾಕಿದರೆ ಪೊಲೀಸ್ ಕೆಲಸ ಆಗುತ್ತದೆ. ಬರೆದ ಹೊತ್ತಿಗೆ ಕೊಡದೆ 'ಇನ್ನೂ ಸ್ವಲ್ಪ ತಡ್ಕೋ' ಅನ್ನುವುದು ಬೇಡ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧ ಕೇಳಿ. ಡಿಸ್ಚಾರ್ಜ್ ಆದ ಎರಡು ಮೂರು ದಿನದಲ್ಲಿ ಕೇಂದ್ರಕ್ಕೆ ಹೋಗಲಿ, ಹೋಗಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಲಿ. ಡಿಸ್ಚಾರ್ಜ್ ಚೀಟಿ ತಪ್ಪದೆ ತೋರಿಸಿ. ಆಸ್ಪತ್ರೆಯಲ್ಲಿ ಮಾರ್ಫಿನ್ ಕೊಟ್ಟಿದ್ದರೆ ಮೂತ್ರ ಪರೀಕ್ಷೆಯಲ್ಲಿ ಬರುತ್ತದೆ, ಚೀಟಿ ಇಲ್ಲದಿದ್ದರೆ ಅಲ್ಲೂ ಅವನ ಮೇಲೆ ಅನುಮಾನ ಬರಬಹುದು.

ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಮೆಥಡೋನ್ ಮೇಲೆ ಇರುವವರು ನಮ್ಮ ದೇಶದಲ್ಲಿ ಕಡಿಮೆ, ಹೊರದೇಶದಲ್ಲಿ ಇರುವ ನಮ್ಮವರಲ್ಲಿ ಇರಬಹುದು. ಅವರಿಗೂ ನಿಯಮ ಇದೇ: ದಿನದ ಡೋಸ್ ಮುಂದುವರಿಯಬೇಕು, ನೋವಿಗೆ ಬೇರೆ. ಆದರೆ ಚಟ ಬಿಟ್ಟಮೇಲೆ ಮತ್ತೆ ಜಾರದಿರಲಿ ಅಂತ ಕೊಡುವ ನಾಲ್ಟ್ರೆಕ್ಸೋನ್ ಮೇಲೆ ಇರುವವರ ಕಥೆ ಪೂರ್ತಿ ಬೇರೆ. ಅದು ಸೀಟನ್ನೆಲ್ಲ ಹಿಡಿದು, ಮಾರ್ಫಿನ್‌ಗೆ ಜಾಗವನ್ನೇ ಬಿಡದ ಔಷಧ. 50 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುವವರು ಗೊತ್ತುಪಡಿಸಿದ ಆಪರೇಷನ್‌ಗೆ ಸುಮಾರು ಮೂರು ದಿನ ಮೊದಲು, ಡಾಕ್ಟರನ್ನು ಕೇಳಿ, ನಿಲ್ಲಿಸಬೇಕಾಗುತ್ತದೆ. ತಿಂಗಳ ಇಂಜೆಕ್ಷನ್ ಆದರೆ ನಾಲ್ಕು ವಾರ ಲೆಕ್ಕ ಹಾಕಬೇಕು. ಅದು ಇಳಿದಮೇಲೆ ದೇಹಕ್ಕೆ ಹಳೇ ತಾಳಿಕೆ ಇರುವುದಿಲ್ಲ, ಮೊದಲಿನ ಡೋಸ್ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ನಾಲ್ಟ್ರೆಕ್ಸೋನ್, ಬ್ಯೂಪ್ರೆನಾರ್ಫಿನ್-ನಲಾಕ್ಸೋನ್, ಈ ಎರಡು ಮಾತ್ರೆಗಳ ಹೆಸರನ್ನು ದಯವಿಟ್ಟು ಅದಲು ಬದಲು ಮಾಡಿಕೊಳ್ಳಬೇಡಿ. ಸ್ಟ್ರಿಪ್‌ ಹಿಂದೆ ಇರುವ ಹೆಸರಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ರಾತ್ರಿ ಹೊತ್ತಿನಲ್ಲಿ ಸೆಳೆತ ಜಾಸ್ತಿ ಆಗಿ ಕೇಂದ್ರ ಮುಚ್ಚಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈ ವಾರವೇ ಕೇಂದ್ರಕ್ಕೆ ಹೋಗಿ, ತಮ್ಮನನ್ನೂ ಕರೆದುಕೊಂಡು. ಪತ್ರದಲ್ಲಿ ಇಷ್ಟು ಬರೆಸಿಕೊಳ್ಳಿ: ಮಾತ್ರೆಯ ಹೆಸರು, ಡೋಸ್, ಎಷ್ಟು ದಿನದಿಂದ. ಆಪರೇಷನ್ ದಿನವೂ ನಿಲ್ಲಿಸಬಾರದು, ನೋವಿದ್ದಾಗ ಹೀಗೆ ಹಂಚಿ ಕೊಡಿ ಅನ್ನುವುದು. ಪೆಂಟಜೋಸಿನ್, ಬ್ಯುಟಾರ್ಫನಾಲ್, ಟ್ರಮಡಾಲ್, ಟಪೆಂಟಡಾಲ್ ಬೇಡ. ಕೊನೆಯಲ್ಲಿ, ರಾತ್ರಿ ಫೋನ್ ಮಾಡಿದರೂ ಎತ್ತುವ ಡಾಕ್ಟರ ನಂಬರ್. ಒಂದು ಪ್ರತಿ ಸರ್ಜನ್‌ಗೆ, ಒಂದು ಅರಿವಳಿಕೆ ಡಾಕ್ಟರಿಗೆ, ಒಂದು ನಿಮ್ಮ ಚೀಲದಲ್ಲಿ. ಅರಿವಳಿಕೆ ಡಾಕ್ಟರ ಮುಂದೆ ಕೂತಾಗ ನೀವು ಮಾತಾಡಬೇಡಿ, ಅವನೇ ಹೇಳಲಿ. ಕೇಂದ್ರಕ್ಕೆ ತಾನೇ ಹೋಗಿ ಹೇಳಿಕೊಂಡವನು, ಇಲ್ಲೂ ಹೇಳುತ್ತಾನೆ.